ಬಾಹ್ಯಾಕಾಶದಲ್ಲೊಂದು ಅಕ್ಕಡಿ ಸಾಲು

1976ರ ಜುಲೈ 31. ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಅಂದು ಟಿ.ವಿ. ಕೊನೆಯ ಬಾರಿ ಮಾತನಾಡಿತು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಟ್ಟಿದ್ದ ಆ ಪೆಟ್ಟಿಗೆ ಒಂದು ವರ್ಷದಿಂದ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕಗಳನ್ನು ಕನ್ನಡದಲ್ಲಿ ತೋರಿಸಿತ್ತು. ರಾಜಧಾನಿ ಬೆಂಗಳೂರೇ ದೂರದರ್ಶನ ಕಾಣದಿದ್ದ ಕಾಲ ಅದು. ಮರುದಿನದಿಂದ ಪರದೆಯ ಮೇಲೆ ಚಿತ್ರ ಮೂಡಲಿಲ್ಲ. ಪೆಟ್ಟಿಗೆಯೇನೂ ಕೆಟ್ಟಿರಲಿಲ್ಲ. 36 ಸಾವಿರ ಕಿಲೋಮೀಟರ್ ಎತ್ತರದಿಂದ ಚಿತ್ರ ಕಳುಹಿಸುತ್ತಿದ್ದ ‘ಎಟಿಎಸ್–6’ ಉಪಗ್ರಹ ಅಮೆರಿಕದ್ದು. ಭಾರತಕ್ಕೆ ಕಡವಾಗಿ ಸಿಕ್ಕಿದ್ದು. ವಾಯಿದೆ ಮುಗಿದೊಡನೆ ಅಮೆರಿಕ ಅದನ್ನು ತನ್ನ ಕಡೆಗೆ ಸರಿಸಿಕೊಂಡಿತು.

ಒಂದು ವರ್ಷದ ಎರವಲು ಉಪಗ್ರಹಕ್ಕಾಗಿ ಭೂಕೇಂದ್ರ ಕಟ್ಟಿ, ಸಾವಿರಾರು ಟಿ.ವಿ. ಮಾಡಿಸಿ, ಹಳ್ಳಿಹಳ್ಳಿಗೆ ಸಾಗಿಸಿದ್ದು ಸರಿಯೇ? ಅದೇ ಹಣವನ್ನು ಸ್ವಂತ ರಾಕೆಟ್ಟಿಗೆ ಹಾಕಿದ್ದರೆ ಅದು ಬೇಗ ಹಾರುತ್ತಿರಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ 1970ರ ದಶಕದಲ್ಲಿ ದೇಶದ ಬಾಹ್ಯಾಕಾಶ ಸಂಶೋಧನೆಯ ಹಣ ಹೇಗೆ ಪಾಲಾಯಿತು ಎಂಬುದನ್ನು ನೋಡಬೇಕು. ರಾಕೆಟ್ ಹಾರಿದ ದಿನಗಳ ಸಡಗರದಲ್ಲಿ ಮರೆತುಹೋಗುವ ಕಥೆ ಇದು.

ಒಂದು ಪುಸ್ತಕ, ಎರಡು ಕನಸು

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿಯ ಹೊಣೆ ವಿಕ್ರಂ ಸಾರಾಭಾಯಿ ಅವರಿಗೆ ಬಂತು. ಬಾಹ್ಯಾಕಾಶದ ಹೊಣೆ ಮೊದಲೇ ಅವರ ಹೆಗಲ ಮೇಲಿತ್ತು. ಯುದ್ಧಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನ ಮಾಡಿದ್ದ ಈ ಅಹಮದಾಬಾದಿನ ಗಿರಣಿ ಮಾಲೀಕರ ಮಗ, 1970ರಲ್ಲಿ ಎರಡೂ ಕ್ಷೇತ್ರಗಳಿಗೆ ಸೇರಿಸಿ ಹತ್ತು ವರ್ಷದ ಯೋಜನೆಯೊಂದನ್ನು ಪುಸ್ತಕವಾಗಿ ಸರ್ಕಾರದ ಮುಂದಿಟ್ಟರು. 1980ರ ವೇಳೆಗೆ ಅಣು ವಿದ್ಯುತ್ 2,700 ಮೆಗಾವಾಟ್ ಆಗಬೇಕು. ಬಾಹ್ಯಾಕಾಶದಲ್ಲಿ ಮೊದಲು ಸಣ್ಣ ಉಪಗ್ರಹ ಹಾರಿಸುವ ರಾಕೆಟ್ಟು, ಕೊನೆಗೆ 1,200 ಕಿಲೋ ತೂಕವನ್ನು ಭೂಸ್ಥಿರ ಕಕ್ಷೆಗೆ ಎತ್ತುವ ರಾಕೆಟ್ಟು. ಜೊತೆಗೆ ಹಳ್ಳಿಗೆ ಟಿ.ವಿ. ತಲುಪಿಸುವ ಸಂಪರ್ಕ ಉಪಗ್ರಹ, ಬೆಳೆ–ನೀರು–ಅರಣ್ಯ ನೋಡುವ ದೂರಸಂವೇದಿ ಉಪಗ್ರಹ. ರಾಕೆಟ್ಟಿನ ಮಟ್ಟಿಗೆ ಆಗ ದೇಶದ ಕೈಲಿದ್ದದ್ದು ಕೇರಳದ ತುಂಬಾ ಎಂಬ ಬೆಸ್ತರ ಊರಿನಿಂದ ಹಾರಿಸುತ್ತಿದ್ದ ಸಣ್ಣ ಶೋಧಕ ರಾಕೆಟ್ಟುಗಳು ಮಾತ್ರ.

ತರ್ಕಕ್ಕೆ ನೇರವಾಗಿ ಕಾಣುವುದು ಒಂದೇ ದಾರಿ. ಮೊದಲು ರಾಕೆಟ್ಟು, ಆಮೇಲೆ ಅದು ಎತ್ತುವಷ್ಟು ತೂಕದ ಉಪಗ್ರಹ, ಕೊನೆಗೆ ಅದರ ಬಳಕೆ. ಸಾರಾಭಾಯಿ ಈ ಸಾಲನ್ನು ಒಪ್ಪಲಿಲ್ಲ. ಮೂರನ್ನೂ ಏಕಕಾಲಕ್ಕೆ ಹಿಡಿಯಬೇಕು, ನಮ್ಮಲ್ಲಿಲ್ಲದ್ದನ್ನು ಸದ್ಯಕ್ಕೆ ಹೊರಗಿನಿಂದ ತಂದುಕೊಳ್ಳಬೇಕು ಎಂಬುದು ಅವರ ಲೆಕ್ಕ. 1969ರಲ್ಲಿಯೇ ಅಮೆರಿಕದ ನಾಸಾ ಜೊತೆ ಟಿ.ವಿ. ಪ್ರಯೋಗಕ್ಕೆ ಒಪ್ಪಂದವಾಗಿತ್ತು. 1970ರಲ್ಲಿ ಕೇರಳದ ತೆಂಗಿನ ತೋಟಗಳ ರೋಗವನ್ನು ಹೆಲಿಕಾಪ್ಟರಿನಿಂದ ಅವಕೆಂಪು ಚಿತ್ರ ತೆಗೆದು ಪತ್ತೆ ಹಚ್ಚುವ ಕೆಲಸ ನಡೆಯಿತು. ಉಪಗ್ರಹವೂ ಇಲ್ಲ, ರಾಕೆಟ್ಟೂ ಇಲ್ಲ; ಚಿತ್ರವನ್ನು ಓದುವ ಕಣ್ಣು ಮಾತ್ರ ಮೊದಲೇ ತಯಾರಾಗತೊಡಗಿತು.

ಹಳೇ ಮೈಸೂರಿನ ಮಳೆಯಾಶ್ರಿತ ಹೊಲಗಳನ್ನು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುತ್ತಾರೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ನಿಲ್ಲುತ್ತದೆ. ಆದರೆ ಅಕ್ಕಡಿಗೆ ಬಿಟ್ಟ ಜಾಗದಷ್ಟು ರಾಗಿ ಕಡಿಮೆಯಾಗುತ್ತದೆ ಎಂಬುದೂ ರೈತನಿಗೆ ಗೊತ್ತು.

1971ರ ಡಿಸೆಂಬರ್ 30ರಂದು ಸಾರಾಭಾಯಿ ಕೋವಳಂನಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ವಯಸ್ಸು 52. ಪುಸ್ತಕ ಉಳಿಯಿತು.

ಬೆಂಗಳೂರಿಗೆ ಬಂದ ಲೆಕ್ಕದ ಪುಸ್ತಕ

ಆ ಹೊತ್ತಿಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ರಜೆಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಕರೆದಾಗ ಅವರು ಎರಡು ಮಾತು ಹೇಳಿದರು: ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾನು ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಅವರು ಬರುವವರೆಗೆ ಎಂ.ಜಿ.ಕೆ. ಮೆನನ್ ನೋಡಿಕೊಂಡರು. 1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಹುಟ್ಟಿದವು. ಅಣುಶಕ್ತಿ ಒಂದು ಮನೆ, ಬಾಹ್ಯಾಕಾಶ ಇನ್ನೊಂದು ಮನೆ ಆಯಿತು.

ಹಣದ ದೃಷ್ಟಿಯಿಂದ ಈ ಬದಲಾವಣೆ ಸಣ್ಣದಲ್ಲ. ಸರ್ಕಾರದ ಹಣ ವರ್ಷವರ್ಷಕ್ಕೆ ಮಂಜೂರಾಗುತ್ತದೆ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದು ಬೊಕ್ಕಸಕ್ಕೆ ಮರಳುತ್ತದೆ. ರಾಕೆಟ್ಟೋ ಏಳೆಂಟು ವರ್ಷ ಬೇಡುವ ಕೆಲಸ. ಪ್ರತಿ ಖರೀದಿಗೂ ಹಣಕಾಸು ಸಚಿವಾಲಯದ ಬಾಗಿಲು ಬಡಿಯುತ್ತ ಕೂತರೆ ಆಗುವುದಿಲ್ಲ. ಅಣುಶಕ್ತಿ ಆಯೋಗದ ಮಾದರಿಯಲ್ಲೇ ಬಾಹ್ಯಾಕಾಶ ಆಯೋಗದಲ್ಲೂ ಹಣಕಾಸಿನ ಸದಸ್ಯರೊಬ್ಬರು ಕುಳಿತರು. ಸಂಸತ್ತು ಒಪ್ಪಿದ ಮೊತ್ತದೊಳಗೆ ಯಾವುದಕ್ಕೆ ಎಷ್ಟು ಎಂಬುದನ್ನು ಆಯೋಗವೇ ತೀರ್ಮಾನಿಸಬಹುದಾಯಿತು. ಕೆಲಸವನ್ನು ಯೋಜನೆಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಬ್ಬ ನಿರ್ದೇಶಕ, ಒಂದು ಗಡುವು, ಒಂದು ಮೊತ್ತ ಎಂದು ಕಟ್ಟುಪಾಡು ಮಾಡಿದ್ದು ಧವನ್ ಕಾಲದಲ್ಲಿ. ಎಸ್‌ಎಲ್‌ವಿ–3 ರಾಕೆಟ್ಟಿಗೆ ಎ.ಪಿ.ಜೆ. ಅಬ್ದುಲ್ ಕಲಾಂ, ಉಪಗ್ರಹಕ್ಕೆ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಅದಕ್ಕೂ ಮುಂಚೆ ತುಂಬಾದಲ್ಲಿ ಒಂದೇ ಕೆಲಸವನ್ನು ಹಲವು ಗುಂಪುಗಳು ತಮ್ಮತಮ್ಮ ರೀತಿಯಲ್ಲಿ ಮಾಡುತ್ತಿದ್ದುದೂ ಉಂಟು.

ರೂಪಾಯಿಗಿಂತ ದೊಡ್ಡ ಬರ ಡಾಲರಿನದು. ವಿದೇಶಿ ವಿನಿಮಯ ಅಷ್ಟು ಬಿಗಿಯಾಗಿದ್ದ ಕಾಲದಲ್ಲಿ ಒಂದು ಉಪಕರಣ ತರಿಸುವುದೂ ಸಾಹಸವಾಗಿತ್ತು. ಆದ್ದರಿಂದ ಹಣವಿಲ್ಲದೆ ಕೊಳ್ಳುವ ದಾರಿಗಳನ್ನು ಹುಡುಕಿದರು. 1974ರಲ್ಲಿ ಫ್ರಾನ್ಸ್ ಜೊತೆ ಆದ ಒಪ್ಪಂದ ಇದಕ್ಕೆ ಒಳ್ಳೆಯ ಉದಾಹರಣೆ. ದ್ರವ ಇಂಧನದ ‘ವೈಕಿಂಗ್’ ಎಂಜಿನ್‌ನ ತಂತ್ರಜ್ಞಾನಕ್ಕೆ ಬದಲಾಗಿ ಭಾರತ ಕೊಟ್ಟದ್ದು ದುಡಿಮೆ: ನಮ್ಮ ಎಂಜಿನಿಯರುಗಳು ಅಲ್ಲಿ ಹೋಗಿ ಒಟ್ಟು ನೂರು ಮಾನವ–ವರ್ಷ ಕೆಲಸ ಮಾಡುವುದು ಎಂದು ಮಾತಾಯಿತು. ಫ್ರೆಂಚರಿಗೆ ಕೈಗಳು ಬೇಕಿದ್ದವು, ಭಾರತಕ್ಕೆ ವಿದ್ಯೆ. ಆ ಎಂಜಿನ್ ‘ವಿಕಾಸ್’ ಎಂಬ ಹೆಸರಿನಲ್ಲಿ ಆಕಾಶಕ್ಕೆ ಏರಿದ್ದು 1993ರಲ್ಲಿ. ಬಿತ್ತನೆಗೂ ಕೊಯ್ಲಿಗೂ ನಡುವೆ ಹತ್ತೊಂಬತ್ತು ವರ್ಷ.

360 ಕಿಲೋ, 40 ಕಿಲೋ

1972ರ ಮೇ ತಿಂಗಳಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಒಪ್ಪಂದವಾಯಿತು. ಭಾರತ ಉಪಗ್ರಹ ಕಟ್ಟಬೇಕು, ರಷ್ಯನ್ನರು ಹಣ ಪಡೆಯದೆ ಹಾರಿಸಿಕೊಡುತ್ತಾರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಕೆಲಸ ಶುರುವಾಯಿತು. ಅಂದಾಜು ವೆಚ್ಚ ಮೂರು ಕೋಟಿ ರೂಪಾಯಿ ಆಸುಪಾಸು. ಜಾಗದ ಕೊರತೆ ಎಷ್ಟಿತ್ತೆಂದರೆ, ಉಪಗ್ರಹದಿಂದ ಬರುವ ಮಾಹಿತಿ ಹಿಡಿಯುವ ಉಪಕರಣಗಳನ್ನು ಒಂದು ಶೌಚಾಲಯದ ಕೋಣೆಯನ್ನು ಮಾರ್ಪಡಿಸಿ ಅದರಲ್ಲಿ ಇರಿಸಬೇಕಾಯಿತು. ರಾವ್ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. 1975ರ ಏಪ್ರಿಲ್ 19ರಂದು ‘ಆರ್ಯಭಟ’ ಹಾರಿತು. ಐದನೆಯ ದಿನಕ್ಕೆ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೈಕೊಟ್ಟಿತು. ಆದರೆ ಉಪಗ್ರಹದ ಜೊತೆಗಿನ ಸಂಪರ್ಕ ವರ್ಷಗಳ ಕಾಲ ಉಳಿಯಿತು, ಅದರ ಚಿತ್ರ ಎರಡು ರೂಪಾಯಿ ನೋಟಿನ ಹಿಂಬದಿಗೂ ಬಂತು.

ಆರ್ಯಭಟದ ತೂಕ 360 ಕಿಲೋ. ಅದೇ ವೇಳೆಗೆ ತುಂಬಾದಲ್ಲಿ ರೂಪುಗೊಳ್ಳುತ್ತಿದ್ದ ಎಸ್‌ಎಲ್‌ವಿ–3 ಎತ್ತಬಹುದಾಗಿದ್ದದ್ದು 40 ಕಿಲೋ. ಈ ಎರಡು ಅಂಕಿಗಳಲ್ಲೇ ಇಡೀ ಹಂಚಿಕೆಯ ಒಳಗುಟ್ಟಿದೆ. ಉಪಗ್ರಹ ಕಟ್ಟುವವರು ರಾಕೆಟ್ ಕಟ್ಟುವವರಿಗೆ ಕಾಯ್ದಿದ್ದರೆ, 360 ಕಿಲೋ ಎತ್ತುವ ದೇಶಿ ರಾಕೆಟ್ ಯಶಸ್ವಿಯಾದದ್ದು 1994ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಪೀಣ್ಯದ ಷೆಡ್ಡಿಗೆ ಬಂದ ಯುವಕರು ನಿವೃತ್ತಿಯ ಅಂಚಿಗೆ ಬಂದಿರುತ್ತಿದ್ದರು.

ಈಗ ರಾಯಚೂರಿನ ಟಿ.ವಿ.ಗೆ ಮರಳಬಹುದು. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಪ್ರಯೋಗ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಉಪಗ್ರಹದ ಸಂಕೇತ ಹಿಡಿಯುವ ಹತ್ತಡಿ ಅಗಲದ ಆಂಟೆನಾವನ್ನು ಕೋಳಿಗೂಡಿಗೆ ಹೊಡೆಯುವಂಥ ತಂತಿ ಬಲೆಯಿಂದ ಇಲ್ಲಿಯೇ ಮಾಡಿದರು. ಸಂಜೆಯ ಹೊತ್ತನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಿತ್ತು. ಕನ್ನಡಕ್ಕೆ ಬಂದ ಪಾಲು ಸಣ್ಣದು. ತುರ್ತು ಪರಿಸ್ಥಿತಿಯ ದಿನಗಳಾದ್ದರಿಂದ ಪರದೆಯ ಮೇಲೆ ಸರ್ಕಾರದ ದನಿಯೇ ಜೋರಾಗಿತ್ತು ಎಂಬುದನ್ನೂ ಮರೆಯಬಾರದು. ಆದರೂ ವಿದ್ಯುತ್ ಕಂಬಗಳೇ ವಿರಳವಾಗಿದ್ದ ಸೀಮೆಯಲ್ಲಿ ಟಿ.ವಿ.ಗಳನ್ನು ವರ್ಷವಿಡೀ ಚಾಲೂ ಇಡುವುದು ಹೇಗೆ, ಯಾವ ಭಾಗ ಬೇಗ ಕೆಡುತ್ತದೆ, ರಿಪೇರಿಗೆ ಎಷ್ಟು ದೂರ ಹೋಗಬೇಕು, ಜನ ಏನನ್ನು ನೋಡುತ್ತಾರೆ, ಯಾವುದಕ್ಕೆ ಎದ್ದು ಹೋಗುತ್ತಾರೆ ಎಂಬ ಪಾಠಗಳು ಸಿಕ್ಕಿದವು. ಈ ಪಾಠಗಳನ್ನು ಯಾವ ದೇಶದಿಂದಲೂ ಆಮದು ಮಾಡಿಕೊಳ್ಳುವಂತಿರಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದು ಕೆಲವು ಹಳ್ಳಿಗಳ ಪರದೆ ಮತ್ತೆ ಬೆಳಗಿತು. ಉಳಿದ ಹಳ್ಳಿಗಳು ಕಾಯ್ದವು.

ಒಂದು ಬಿದ್ದಾಗ ಇನ್ನೊಂದು

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹೊರಟ ಮೊದಲ ಎಸ್‌ಎಲ್‌ವಿ–3 ಐದು ನಿಮಿಷ ಚಿಲ್ಲರೆಯಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತವನ್ನು ನಿಯಂತ್ರಿಸುವ ಆಮ್ಲ ಸೋರಿಹೋಗಿತ್ತು. ಪತ್ರಕರ್ತರ ಮುಂದೆ ಧವನ್ ತಾವೇ ನಿಂತು ಸೋಲಿನ ಹೊಣೆ ಹೊತ್ತರು. ಮರುವರ್ಷ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನು ಮುಂದೆ ಬಿಟ್ಟರು. ಈ ಪ್ರಸಂಗ ಬಹಳ ಮಂದಿಗೆ ಗೊತ್ತು. ಆದರೆ ಆ ಸೋಲಿಗೆ ಎರಡು ತಿಂಗಳ ಹಿಂದೆಯಷ್ಟೇ, ಜೂನ್ 7ರಂದು, ಭೂಮಿಯನ್ನು ನೋಡುವ ‘ಭಾಸ್ಕರ’ ಉಪಗ್ರಹ ರಷ್ಯನ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತ್ತು ಎಂಬುದನ್ನು ಜೊತೆಗಿಟ್ಟು ನೋಡುವವರು ಕಡಿಮೆ. ಅದೇ ವರ್ಷ ಹೈದರಾಬಾದ್ ಬಳಿಯ ಶಾದ್‌ನಗರದಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಇಳಿಸಿಕೊಳ್ಳುವ ಕೇಂದ್ರವೂ ಕೆಲಸ ಶುರುಮಾಡಿತು. ರಾಕೆಟ್ ಸಮುದ್ರಕ್ಕೆ ಬಿದ್ದ ದಿನವೂ ಕಾರ್ಯಕ್ರಮ ನಿಂತಿರಲಿಲ್ಲ. ಸಂಸತ್ತಿನ ಮುಂದೆ ಮುಂದಿನ ವರ್ಷದ ಹಣ ಕೇಳಲು ಇದು ಎಷ್ಟು ಬಲ ಕೊಟ್ಟಿರಬೇಕು ಎಂಬುದನ್ನು ಊಹಿಸಬಹುದು.

ಇದು ಮತ್ತೆ ಮತ್ತೆ ನಡೆಯಿತು. 150 ಕಿಲೋ ಎತ್ತಬೇಕಿದ್ದ ಎಎಸ್‌ಎಲ್‌ವಿ ರಾಕೆಟ್ 1987ರ ಮಾರ್ಚ್‌ನಲ್ಲಿ ಬಿತ್ತು, 1988ರ ಜುಲೈನಲ್ಲಿ ಮತ್ತೆ ಬಿತ್ತು. ನಡುವೆ, 1988ರ ಮಾರ್ಚ್ 17ರಂದು, ಬೆಂಗಳೂರಿನಲ್ಲಿ ಕಟ್ಟಿದ ‘ಐಆರ್‌ಎಸ್–1ಎ’ ಸೋವಿಯತ್ ನೆಲದಿಂದ ಹಾರಿ ಪಾಳುಭೂಮಿ, ಕಾಡು, ಅಂತರ್ಜಲಗಳ ನಕ್ಷೆಗೆ ಚಿತ್ರ ಕಳುಹಿಸತೊಡಗಿತು. ಆ ಚಿತ್ರಗಳನ್ನು ಓದಬಲ್ಲವರು ಹತ್ತು ವರ್ಷದಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮೇಲೆ ಕೈ ಪಳಗಿಸಿಕೊಂಡಿದ್ದರು. 1993ರ ಸೆಪ್ಟೆಂಬರ್‌ನಲ್ಲಿ ಮೊದಲ ಪಿಎಸ್‌ಎಲ್‌ವಿ ತನ್ನ ಜೊತೆಗಿದ್ದ ಉಪಗ್ರಹವನ್ನೂ ಕಳೆದುಕೊಂಡು ಸಮುದ್ರ ಸೇರಿತು. ಅದಕ್ಕೆ ಎರಡು ತಿಂಗಳ ಮೊದಲು ಇನ್ಸಾಟ್–2ಬಿ ಐರೋಪ್ಯ ರಾಕೆಟ್ಟಿನಲ್ಲಿ ಏರಿತ್ತು.

ಸಾಲುಗಳು ಒಂದಕ್ಕೊಂದು ಗೊಬ್ಬರವೂ ಆದವು. 1981ರ ಜೂನ್ 19ರಂದು ಐರೋಪ್ಯ ಸಂಸ್ಥೆಯ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಪುಕ್ಕಟೆ ಜಾಗ ಸಿಕ್ಕಿ ‘ಆಪಲ್’ ಎಂಬ ಸಂಪರ್ಕ ಉಪಗ್ರಹ ಹೋಯಿತು. ಎತ್ತಿನ ಗಾಡಿಯ ಮೇಲೆ ಅದನ್ನಿಟ್ಟ ಫೋಟೋ ಜಗತ್ಪ್ರಸಿದ್ಧ. ಅದು ಬಡತನದ ಚಿತ್ರವೆಂದೇ ಹಲವರು ತಿಳಿದರು. ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ವಾಹನ ಬೇಕಿತ್ತು, ಮರದ ಗಾಡಿ ಕೈಗೆಟುಕುವಂತಿತ್ತು, ಅಷ್ಟೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಆ ಉಪಗ್ರಹದ ಒಳಗಿತ್ತು: ಅದನ್ನು ಕೊನೆಯ ಎತ್ತರಕ್ಕೆ ನೂಕಿದ ಮೋಟಾರು ಎಸ್‌ಎಲ್‌ವಿ–3ರ ನಾಲ್ಕನೇ ಹಂತದಿಂದ ರೂಪಿಸಿದ್ದು.

ನಾಲ್ವರು ಪಾಲುದಾರರ ಉಪಗ್ರಹ

ಎಲ್ಲ ಹಂಚಿಕೆಯೂ ಸುಸೂತ್ರವಾಗಿತ್ತು ಎಂದರೆ ಸುಳ್ಳಾಗುತ್ತದೆ. ಇನ್ಸಾಟ್–1ರ ಕಥೆ ಕಹಿಯಾದದ್ದು. ಸೈಟ್ ಪ್ರಯೋಗದ ಮುಂದಿನ ಮೆಟ್ಟಿಲಾಗಿ ದೇಶಕ್ಕೆ ಶಾಶ್ವತ ಉಪಗ್ರಹ ಬೇಕಿತ್ತು. ಸ್ವಂತ ಕಟ್ಟುವ ಶಕ್ತಿ ಬರಲು ಇನ್ನೂ ಹತ್ತು ವರ್ಷ ಎಂದು ಲೆಕ್ಕ ಹಾಕಿ ಮೊದಲ ತಲೆಮಾರನ್ನು ಅಮೆರಿಕದ ಫೋರ್ಡ್ ಕಂಪನಿಯಿಂದ ಕೊಳ್ಳಲು 1978ರಲ್ಲಿ ಗುತ್ತಿಗೆಯಾಯಿತು. ಬಾಹ್ಯಾಕಾಶ ಇಲಾಖೆಯೊಂದೇ ಇದನ್ನು ಹೊರುವಂತಿರಲಿಲ್ಲ. ದೂರಸಂಪರ್ಕ, ದೂರದರ್ಶನ–ಆಕಾಶವಾಣಿ, ಹವಾಮಾನ ಮತ್ತು ಬಾಹ್ಯಾಕಾಶ ಇಲಾಖೆಗಳ ಜಂಟಿ ಬಾಬ್ತು ಇದು. ಹಣ ಹಂಚಿಕೊಂಡ ಮೇಲೆ ಒಂದೇ ಉಪಗ್ರಹದಲ್ಲಿ ಎಲ್ಲರಿಗೂ ಜಾಗ ಬೇಕಾಯಿತು. ಫೋನು, ಟಿ.ವಿ., ಮೋಡಗಳ ಚಿತ್ರ, ಮೂರನ್ನೂ ಒಂದರಲ್ಲೇ ತುಂಬಿದರು. ಹವಾಮಾನದ ಕ್ಯಾಮೆರಾ ತಂಪಾಗಿರಬೇಕಾದರೆ ಅದರ ಕಡೆ ಸೌರಫಲಕ ಇರಕೂಡದು. ಹೀಗಾಗಿ ಸೌರಫಲಕವೆಲ್ಲ ಒಂದೇ ಬದಿಗೆ ಹೋಯಿತು. ತಕ್ಕಡಿ ವಾಲದಂತೆ ಇನ್ನೊಂದು ಬದಿಗೆ ಉದ್ದನೆಯ ಕೋಲು ಮತ್ತು ಪಟವೊಂದನ್ನು ಜೋಡಿಸಿದರು.

1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್–1ಎಯಲ್ಲಿ ಆ ಪಟವೇ ಬಿಚ್ಚಿಕೊಳ್ಳಲಿಲ್ಲ. ಆಂಟೆನಾ ಕೂಡ ಹಟ ಹಿಡಿಯಿತು. ವಾಲುವುದನ್ನು ಸರಿಪಡಿಸುತ್ತಲೇ ಇಂಧನ ತೀರಿ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಎರಡೇ ತಿಂಗಳಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟವಿತ್ತು. ಮೂರು ಕೆಲಸಕ್ಕೆ ಮೂರು ಉಪಗ್ರಹ ಕೊಳ್ಳುವಷ್ಟು ಹಣವಿದ್ದಿದ್ದರೆ ವಿನ್ಯಾಸ ಇಷ್ಟು ಜಟಿಲವಾಗುತ್ತಿರಲಿಲ್ಲ ಎನ್ನಬಹುದು. ಆದರೆ ಹಣ ಅಷ್ಟಿರಲಿಲ್ಲ. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್–1ಬಿ ಸೌರಫಲಕ ಬಿಚ್ಚಲು ವಾರಗಟ್ಟಲೆ ಸತಾಯಿಸಿ ಕೊನೆಗೆ ಸರಿಹೋಯಿತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟಿ.ವಿ. ಪ್ರಸಾರ ಕೇಂದ್ರಗಳು ತೆರೆದವು.

ತೆರೆದದ್ದು ಹೆಚ್ಚಾಗಿ ಪಟ್ಟಣಗಳಿಗೆ. ಹಳ್ಳಿಯ ಶಾಲೆಗೆ ಬೆಳಗಿನ ಪಾಠ, ರೈತನಿಗೆ ಸಂಜೆಯ ಸಲಹೆ ಎಂದು 1975ರಲ್ಲಿ ಹೊರಟ ಉದ್ದೇಶ, ಧಾರಾವಾಹಿ ಮತ್ತು ಜಾಹೀರಾತುಗಳ ಸಂತೆಯಲ್ಲಿ ಹಿಂದೆ ಬಿತ್ತು. ಉಪಗ್ರಹಕ್ಕೆ ಹಣ ಕೊಟ್ಟ ನಾಲ್ಕು ಇಲಾಖೆಗಳಲ್ಲಿ ಶಿಕ್ಷಣ ಇಲಾಖೆ ಇರಲಿಲ್ಲ, ಕೃಷಿ ಇಲಾಖೆಯೂ ಇರಲಿಲ್ಲ.

ಸಾರಾಭಾಯಿ ಪುಸ್ತಕದ ಇನ್ನೊಂದು ಅರ್ಧವನ್ನು ಇಲ್ಲಿ ನೆನೆಯಬೇಕು. 1980 ಮುಗಿದಾಗ ಅಣು ವಿದ್ಯುತ್ ಸಾಮರ್ಥ್ಯ 2,700 ಮೆಗಾವಾಟ್‌ನ ಮೂರನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ಅಲ್ಲಿ ಎಲ್ಲವೂ ಒಂದೇ ಸರಪಳಿಯಲ್ಲಿ ಪೋಣಿಸಿದ್ದವು. 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಕೈಬಿಟ್ಟಿತು, ಭಾರಜಲ ತಯಾರಿಕೆ ತಡವಾಯಿತು. ಒಂದು ಕೊಂಡಿ ಸಡಿಲಾದಾಗ ಮುಂದಿನದೆಲ್ಲ ನಿಂತಿತು. ಇನ್ನೊಬ್ಬರ ರಾಕೆಟ್ಟಿನಲ್ಲಿ ಜಾಗ ಕೇಳಿದಂತೆ ಇನ್ನೊಬ್ಬರ ರಿಯಾಕ್ಟರನ್ನು ಒಂದು ವರ್ಷಕ್ಕೆ ಎರವಲು ಕೇಳುವಂತಿರಲಿಲ್ಲ. ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಆದರೆ ಅರ್ಥಪೂರ್ಣ.

ಹಂಚಿಕೆಯ ಬೆಲೆ ತೆತ್ತವರು ರಾಕೆಟ್ ಬಳಗದವರು. 1980ರಲ್ಲಿ ಮುಗಿಯಬೇಕಿದ್ದ ಭೂಸ್ಥಿರ ಕಕ್ಷೆಯ ರಾಕೆಟ್ಟು ಮೊದಲ ಬಾರಿ ಎದ್ದದ್ದು 2001ರ ಏಪ್ರಿಲ್ 18ರಂದು. ಅದರ ಮೇಲಿನ ಕ್ರಯೋಜೆನಿಕ್ ಹಂತ ರಷ್ಯಾದಿಂದ ಕೊಂಡದ್ದು. ಅಂದು ಅದು ಉಪಗ್ರಹವನ್ನು ಸರಿಯಾದ ಕಕ್ಷೆಗೆ ಮುಟ್ಟಿಸಲಿಲ್ಲ. ಸ್ವದೇಶಿ ಕ್ರಯೋಜೆನಿಕ್ ಹಂತ ಗೆದ್ದದ್ದು 2014ರ ಜನವರಿ 5ರಂದು.

ಈ ರಾಕೆಟ್ಟಿನ ಮೊದಲ ಸೇವಾ ಹಾರಾಟ 2004ರ ಸೆಪ್ಟೆಂಬರ್ 20ರಂದು, ಧವನ್ ಹೆಸರು ಹೊತ್ತ ಶ್ರೀಹರಿಕೋಟಾದ ಕೇಂದ್ರದಿಂದ ನಡೆಯಿತು. ಧವನ್ ತೀರಿಕೊಂಡು ಆಗ ಎರಡು ವರ್ಷ ಕಳೆದಿತ್ತು. ಮೇಲಿದ್ದ ಉಪಗ್ರಹ, ಶಿಕ್ಷಣಕ್ಕೆಂದೇ ಬೆಂಗಳೂರಿನಲ್ಲಿ ಕಟ್ಟಿದ 1,950 ಕಿಲೋ ತೂಕದ ‘ಎಜುಸ್ಯಾಟ್’. ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ತಲುಪಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ರಾಯಚೂರಿನ ಶಾಲೆಗಳಲ್ಲಿ ಪರದೆ ಆರಿ ಅಷ್ಟರಲ್ಲಿ 28 ವರ್ಷ ಕಳೆದಿತ್ತು. ಎಜುಸ್ಯಾಟ್ 2010ರ ಸೆಪ್ಟೆಂಬರ್‌ವರೆಗೆ ಕೆಲಸ ಮಾಡಿತು.